ಸಾಕ್ಷಿ ಕಥನದ ಸ್ವರೂಪ: ವಿಜಯಪುರ, ತಿಕೋಟಾ, ಬಬಲೇಶ್ವರ ಪರಿಸರದ ಕ್ರೈಸ್ತ ಸ್ವಾನುಭವ ನಿರೂಪಣೆಗಳು

ಕನ್ನಡ ಜಾನಪದ ಅಧ್ಯಯನವು ಗದ್ಯಕಥನವನ್ನು ಬಹುಕಾಲದಿಂದ ಪುರಾಣ, ಐತಿಹ್ಯ, ಕಥೆ ಎಂಬ ಮೂರು ನೆಲೆಗಳಲ್ಲಿ ವಿಂಗಡಿಸುತ್ತ ಬಂದಿದೆ. ವಿಲಿಯಂ ಬ್ಯಾಸ್ಕಂ 1965ರಲ್ಲಿ ಖಚಿತ ರೂಪ ಕೊಟ್ಟ ಈ ವಿಂಗಡಣೆಯಲ್ಲಿ ‘ನನಗೆ ಹೀಗಾಯಿತು’ ಎಂದು ಎದ್ದು ನಿಂತು ಹೇಳುವ ವ್ಯಕ್ತಿಗೆ ಸ್ಥಾನವಿಲ್ಲ. ಸ್ವೀಡನ್ನಿನ ಫಾನ್ ಸೀಡೋ 1934ರಷ್ಟು ಹಿಂದೆಯೇ ಸ್ವಂತ ಅನುಭವದ ನಿರೂಪಣೆಗೆ ‘ಮೆಮೊರೇಟ್’ ಎಂಬ ಹೆಸರನ್ನಿತ್ತಿದ್ದರೂ ನಮ್ಮ ಸಂಗ್ರಹಕಾರರ ಗಮನ ಹೆಚ್ಚಾಗಿ ಹಾಡು ಮತ್ತು ಕಥೆಗಳ ಕಡೆಗೇ ಉಳಿಯಿತು. ಹೀಗೆ ಹೊರಗುಳಿದ ಪ್ರಕಾರಗಳಲ್ಲಿ ಕ್ರೈಸ್ತರ ‘ಸಾಕ್ಷಿ ಹೇಳುವಿಕೆ’ಯೂ ಒಂದು. ಇದನ್ನು ಕೆಲವರು ಮತಪ್ರಚಾರದ ಸಾಧನವೆಂದು ಬದಿಗಿಡುತ್ತಾರೆ. ಮತ್ತೆ ಕೆಲವರು ಪವಾಡದ ಪುರಾವೆಯೆಂದು ಎತ್ತಿ ಹಿಡಿಯುತ್ತಾರೆ. ಎರಡೂ ನಿಲುವುಗಳಲ್ಲಿ ಕಥನವನ್ನು ಕಥನವಾಗಿ ಆಲಿಸುವ ವ್ಯವಧಾನವಿಲ್ಲ. ವಿಜಯಪುರ ನಗರದ ಆರಾಧನೆಗಳನ್ನೂ ತಿಕೋಟಾ, ಬಬಲೇಶ್ವರ ಭಾಗದ ಮನೆ ಪ್ರಾರ್ಥನೆಗಳನ್ನೂ ಹಿನ್ನೆಲೆಯಾಗಿಟ್ಟುಕೊಂಡು, ಈ ನೆಲದ ಮೌಖಿಕ ಪರಂಪರೆಯೊಳಗೆ ಸಾಕ್ಷಿಯ ಸ್ಥಾನವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪದವನ್ನೇ ನೋಡಬಹುದು. ಕಣ್ಣಾರೆ ಕಂಡವನು ಸಾಕ್ಷಿ. ಕನ್ನಡ ನಾಡಿನ ದಾನಶಾಸನಗಳಲ್ಲಿ ಸಾಕ್ಷಿಗಳ ಹೆಸರುಗಳು ಬರುತ್ತವೆ. ಊರಿನ ಕಟ್ಟೆಯ ನ್ಯಾಯದಲ್ಲಿ ಸಾಕ್ಷಿ ನುಡಿಯುವವನು ತನ್ನ ಮಾತಿಗೆ ತಾನೇ ಹೊಣೆ. ವೇದಾಂತದ ‘ಸಾಕ್ಷಿ’ಯಾದರೋ ನೋಡುವುದಷ್ಟೇ, ಯಾವುದಕ್ಕೂ ಅಂಟಿಕೊಳ್ಳದು. ಕ್ರೈಸ್ತ ಬಳಕೆ ಮೊದಲಿನ ಅರ್ಥಕ್ಕೆ ಹತ್ತಿರವಾದುದು. ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದ ಹುಟ್ಟುಕುರುಡನು ವಿಚಾರಣೆಗೆ ಒಳಗಾದಾಗ ತರ್ಕಕ್ಕಿಳಿಯದೆ, ತನಗೆ ಗೊತ್ತಿರುವ ಒಂದೇ ಸಂಗತಿಯನ್ನು ಹೇಳಿ ನಿಲ್ಲುತ್ತಾನೆ. ಅಪೊಸ್ತಲರ ಕೃತ್ಯಗಳ 22 ಮತ್ತು 26ನೆಯ ಅಧ್ಯಾಯಗಳಲ್ಲಿ ಪೌಲನು ಒಂದೇ ಅನುಭವವನ್ನು ಬೇರೆ ಬೇರೆ ಸಭಿಕರೆದುರು ಬೇರೆ ಬೇರೆ ಒತ್ತುಗಳೊಂದಿಗೆ ನಿರೂಪಿಸುತ್ತಾನೆ. ಕೇಳುಗರನ್ನು ಅನುಸರಿಸಿ ಪಠ್ಯ ಬದಲಾಗುವುದು ಮೌಖಿಕ ಸಾಹಿತ್ಯದ ಮೂಲಗುಣವೆಂಬುದನ್ನು ಇಲ್ಲಿ ನೆನೆಯಬಹುದು.

ಈ ಪ್ರದೇಶಕ್ಕೆ ಸಾಕ್ಷಿ ಪರಂಪರೆ ಬಂದ ದಾರಿಗಳಲ್ಲಿ ಎರಡು ಮುಖ್ಯವಾದವು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಯವು ಧಾರವಾಡ (1837), ಹುಬ್ಬಳ್ಳಿ (1839), ಗದಗ–ಬೆಟಗೇರಿ (1841), ಗುಳೇದಗುಡ್ಡಗಳ (1851) ಮೂಲಕ ಹಾಯ್ದು 1885ರಲ್ಲಿ ಅಂದಿನ ಬಿಜಾಪುರವನ್ನು ತಲುಪಿತು. ಈ ಮಿಶನ್ನಿನ ಬೇರು ಜರ್ಮನಿಯ ಪಯಟಿಸ್ಟ್ ಭಕ್ತಿಪಂಥದಲ್ಲಿದೆ. ಮಿಶನರಿಯಾಗಬಯಸುವ ತರುಣನು ತನ್ನ ಮನಪರಿವರ್ತನೆಯನ್ನೊಳಗೊಂಡ ಜೀವನವೃತ್ತಾಂತವನ್ನು ಬರೆದುಕೊಡುವ ಪದ್ಧತಿ ಅಲ್ಲಿತ್ತು. ಎರಡನೆಯ ದಾರಿ ನೆರೆಯ ಮಹಾರಾಷ್ಟ್ರದ್ದು. ಪುಣೆಯ ಬಳಿಯ ಕೇಡಗಾಂವದಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಸದನದಲ್ಲಿ 1905ರಲ್ಲಿ ಕಾಣಿಸಿಕೊಂಡ ಭಕ್ತಿಜಾಗೃತಿಯು ಭಾರತದ ಪೆಂತೆಕೊಸ್ತ್ ಇತಿಹಾಸದ ಆರಂಭದ ಘಟನೆಗಳಲ್ಲೊಂದು. ಮೊದಲನೆಯದು ಬರೆದ ಸಾಕ್ಷಿಗೆ ಮನ್ನಣೆ ಕೊಟ್ಟರೆ, ಎರಡನೆಯ ಧಾರೆ ಎದ್ದು ನಿಂತು ಹೇಳುವ ಸಾಕ್ಷಿಗೆ ಒತ್ತು ಕೊಟ್ಟಿತು.

ಆದರೆ ಹೊರಗಿನಿಂದ ಬಂದ ರೂಪವು ನೆಲೆ ನಿಲ್ಲಬೇಕಾದರೆ ಒಳಗಿನ ಆಧಾರ ಬೇಕು. ವಿಜಯಪುರದ ಸೂಫಿಗಳು ಬೀಸುವ ಕಲ್ಲಿನ ಹಾಡಿನ ಧಾಟಿಯಲ್ಲಿ ದಖನಿಯ ‘ಚಕ್ಕಿನಾಮಾ’ಗಳನ್ನು ರಚಿಸಿದ್ದನ್ನು ರಿಚರ್ಡ್ ಈಟನ್ ತಮ್ಮ 1978ರ ಗ್ರಂಥದಲ್ಲಿ ವಿವರಿಸಿದ್ದಾರೆ. ಸಾಕ್ಷಿಗೂ ಇಂಥ ಆಧಾರವೊಂದಿದೆ, ಅದು ಹರಕೆ. ಕಷ್ಟದಲ್ಲಿ ಬೇಡಿಕೊಂಡವರು ಇಷ್ಟಾರ್ಥ ಸಿದ್ಧಿಸಿದ ಮೇಲೆ ದೇವರಿಗೆ ಸಲ್ಲಿಸಬೇಕಾದುದನ್ನು ಜನರೆದುರು ಸಲ್ಲಿಸುವುದು ಈ ನಾಡಿನ ರೂಢಿ. ಕ್ರೈಸ್ತ ಸಭೆಯಲ್ಲಿ ಹರಕೆಯ ವಸ್ತುವಿನ ಸ್ಥಾನದಲ್ಲಿ ಮಾತು ನಿಲ್ಲುತ್ತದೆ. ‘ವಾಸಿಯಾದರೆ ಸಾಕ್ಷಿ ಹೇಳುತ್ತೇನೆ’ ಎಂಬ ಸಂಕಲ್ಪದಲ್ಲಿ ಹೇಳುವುದೇ ಕಾಣಿಕೆ. ದೇವತಾಶಾಸ್ತ್ರದ ದೃಷ್ಟಿಯಿಂದ ಎರಡೂ ಬೇರೆಯೇ ಸರಿ. ಆದರೆ ಋಣ ತೀರಿಸುವ ಭಾವದಲ್ಲಿ ಅವು ಒಂದನ್ನೊಂದು ಗುರುತಿಸುತ್ತವೆ. ಪವಾಡ ಕಥನಕ್ಕಿಂತ ಸಾಕ್ಷಿ ಭಿನ್ನವಾಗುವುದೂ ಇಲ್ಲಿಯೇ. ಪವಾಡವನ್ನು ಶರಣನ ಬಗ್ಗೆ ಬೇರೆಯವರು ಹೇಳುತ್ತಾರೆ. ಸಾಕ್ಷಿಯಲ್ಲಿ ಕೂಲಿಗೆ ಹೋಗುವ ಹೆಣ್ಣುಮಗಳು ತನ್ನ ಬಾಳಿನ ಕಥೆಯನ್ನು ತಾನೇ, ತುಂಬಿದ ಸಭೆಯಲ್ಲಿ, ಯಾರ ಅಡ್ಡಿಯೂ ಇಲ್ಲದೆ ಹೇಳುತ್ತಾಳೆ. ಅಮೆರಿಕದ ಪೆಂತೆಕೊಸ್ತ್ ಸಭೆಗಳನ್ನು ಅಭ್ಯಸಿಸಿದ ಎಲೇನ್ ಲಾಲೆಸ್ 1988ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿಯೂ ಬೋಧಿಸುವ ಅಧಿಕಾರ ಸುಲಭವಾಗಿ ದಕ್ಕದ ಮಹಿಳೆಯರಿಗೆ ಸಾಕ್ಷಿಯು ಮಾತಿನ ಹಕ್ಕನ್ನು ಒದಗಿಸಿದುದು ವ್ಯಕ್ತವಾಗಿದೆ.

ಸಾಕ್ಷಿಯ ಚೌಕಟ್ಟು ಬಹುಮಟ್ಟಿಗೆ ಸ್ಥಿರವಾದುದು: ದೇವರಿಗೆ ಸ್ತೋತ್ರ, ಹಿಂದಿನ ಸ್ಥಿತಿ, ಸಂಕಟ, ಪ್ರಾರ್ಥನೆ, ಬಿಡುಗಡೆ, ಕೃತಜ್ಞತೆ, ನಡುನಡುವೆ ಸಭೆಯ ‘ಆಮೆನ್’. ಇದರ ಭಾಷೆಯಲ್ಲಿ ಎರಡು ಪದರಗಳಿವೆ. ಕುಡಿತ, ಸಾಲ, ಗುಳೆ, ಬೇನೆಗಳನ್ನು ಹೇಳುವಾಗ ‘ದವಾಖಾನಿ ತಿರಗಿ ತಿರಗಿ ಸಾಕಾಗಿತ್ರಿ’ ಎಂಬ ಬಗೆಯ ಆಡುಮಾತು ಬರುತ್ತದೆ. ಬಿಡುಗಡೆಯ ಘಟ್ಟಕ್ಕೆ ಬಂದೊಡನೆ ‘ಕರ್ತನು ನನ್ನನ್ನು ಬಿಡಿಸಿದನು’ ಎಂಬ ಸತ್ಯವೇದದ ಗ್ರಾಂಥಿಕ ಕನ್ನಡ ಕಾಣಿಸಿಕೊಳ್ಳುತ್ತದೆ. ಸಂಕಟಕ್ಕೆ ಸ್ವಂತ ನುಡಿಯಿದೆ; ಬಿಡುಗಡೆಗೆ ಎರವಲು ನುಡಿ. ಈ ಎರಡು ಪದರಗಳ ಬೆಸುಗೆಯೇ ಈ ಪ್ರಕಾರವನ್ನು ಬೆಲೆಗಟ್ಟುವ ಒರೆಗಲ್ಲೆಂಬುದು ನನ್ನ ಅಭಿಪ್ರಾಯ. ದುರ್ಬಲ ಸಾಕ್ಷಿಯಲ್ಲಿ ಎರಡನೆಯ ಪದರ ಮೊದಲನೆಯದನ್ನು ನುಂಗುತ್ತದೆ. ಯಾರ ಬಾಳಿಗಾದರೂ ಹೊಂದುವ ಒಂದೇ ಅಚ್ಚು ಉಳಿಯುತ್ತದೆ. ‘ಮೊದಲು ಕತ್ತಲೆ, ಈಗ ಬೆಳಕು’ ಎಂಬ ಸರಳ ವಿಭಜನೆಯಲ್ಲಿ, ಹಿಂದಿನ ಬಾಳಿನಲ್ಲಿ ಉಣಿಸಿದ ಅವ್ವ, ಕಲಿತ ಹಾಡು, ಕೈಹಿಡಿದ ನೆರೆಹೊರೆ ಎಲ್ಲವೂ ಕತ್ತಲೆಯ ಲೆಕ್ಕಕ್ಕೆ ಸೇರಿಹೋಗುವ ಅಪಾಯವಿದೆ. ಇದು ಈ ಪ್ರಕಾರದ ನಿಜವಾದ ಮಿತಿ. ಉತ್ತಮ ಸಾಕ್ಷಿಯಲ್ಲಾದರೋ ಬಿಡುಗಡೆಯನ್ನು ಹೇಳುವಾಗಲೂ ಆಡುಮಾತು ಕೈಬಿಡುವುದಿಲ್ಲ. ತೀರದ ಸಾಲ, ಪೂರ್ತಿ ವಾಸಿಯಾಗದ ಮೈ ಕಥನದಲ್ಲಿ ಉಳಿದುಕೊಳ್ಳುತ್ತವೆ.

ಈ ಮಾತನ್ನು ಲಿಖಿತ ಪಠ್ಯಗಳ ಹೋಲಿಕೆಯಿಂದ ಸ್ಪಷ್ಟಪಡಿಸಬಹುದು. ಮೇಲೆ ಹೆಸರಿಸಿದ ರಮಾಬಾಯಿಯವರು 1858ರಲ್ಲಿ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಜನಿಸಿದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. 1907ರಲ್ಲಿ ತಮ್ಮ ಸಾಕ್ಷಿಯನ್ನು ಪುಸ್ತಕ ರೂಪದಲ್ಲಿ ಹೊರತಂದರು. ಕ್ರೈಸ್ತ ಧರ್ಮವನ್ನು ಕಂಡುಕೊಂಡರೂ ಕ್ರಿಸ್ತನನ್ನು ಕಂಡುಕೊಳ್ಳಲು ಮತ್ತೆ ವರ್ಷಗಳೇ ಬೇಕಾದವೆಂದು ಅವರು ಅಲ್ಲಿ ಹೇಳಿಕೊಳ್ಳುತ್ತಾರೆ. ‘ಹಿಂದೆ–ಈಗ’ ಎಂಬ ಅಚ್ಚನ್ನು ಸಾಕ್ಷಿ ಹೇಳುವವರೇ ಒಳಗಿನಿಂದ ಮುರಿದ ಉದಾಹರಣೆಯಿದು. ಇದೇ ಜಿಲ್ಲೆಯ ಹಲಸಂಗಿಯ ಮಧುರಚೆನ್ನರು ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಕೃತಿಗಳಲ್ಲಿ ತಮ್ಮ ಆಧ್ಯಾತ್ಮಿಕ ಶೋಧವನ್ನು ಆತ್ಮಕಥನವಾಗಿ ನಿರೂಪಿಸಿದ್ದಾರೆ. ಕತ್ತಲೆಯಿಂದ ಬೆಳಕಿಗೆ ಸಾಗುವ ಕಥನವಿನ್ಯಾಸವು ಕ್ರೈಸ್ತರಿಗಷ್ಟೇ ಸೇರಿದ್ದಲ್ಲವೆಂಬುದಕ್ಕೆ ಹಲಸಂಗಿಯೇ ನಿದರ್ಶನ. ಆದರೆ ಮಧುರಚೆನ್ನರದು ಅನುಭಾವದ ಏಕಾಂತ. ಸಭೆಯ ಸಾಕ್ಷಿಯದು ದಿನನಿತ್ಯದ ಅನುಭವ. ಅನುಭಾವವನ್ನು ಗೌರವಿಸುವ ನಮ್ಮ ವಿಮರ್ಶೆ ಅನುಭವದ ಮಾತನ್ನು ಕೆಳಗಿಟ್ಟಿದೆ. ಸಾಕ್ಷಿ ಅಲಕ್ಷ್ಯಕ್ಕೊಳಗಾಗಲು ಇದೂ ಒಂದು ಕಾರಣವಿರಬಹುದು.

ಸಾಕ್ಷಿ ಹೇಳುವುದಕ್ಕೆ ಬೆಲೆಯೂ ಇದೆ. 1950ರ ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶದ ವ್ಯಾಪ್ತಿಗೆ 1956ರಲ್ಲಿ ಸಿಖ್ಖರೂ 1990ರಲ್ಲಿ ಬೌದ್ಧರೂ ಸೇರಿದರು. ಕ್ರೈಸ್ತರಾದ ದಲಿತರು ಸೇರಲಿಲ್ಲ. ಆದ್ದರಿಂದ ತಾನು ನಂಬಿದ್ದನ್ನು ಬಹಿರಂಗವಾಗಿ ಹೇಳುವ ದಲಿತ ವಿಶ್ವಾಸಿಯ ಮಾತು ಅವನ ಜಾತಿ ಪ್ರಮಾಣಪತ್ರವನ್ನೂ ಮಕ್ಕಳ ವಿದ್ಯಾರ್ಥಿವೇತನವನ್ನೂ ತಟ್ಟಬಲ್ಲದು. ಧರ್ಮವನ್ನು ಪ್ರಸಾರ ಮಾಡುವ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅಡಕವಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ತೀರ್ಪಿತ್ತಿತು. 2022ರಲ್ಲಿ ಕರ್ನಾಟಕದಲ್ಲಿ ಮತಾಂತರವನ್ನು ನಿಯಂತ್ರಿಸುವ ಕಾಯ್ದೆ ಬಂದಿತು; ಅದನ್ನು ರದ್ದುಪಡಿಸಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಇಂಥ ವಾತಾವರಣದಲ್ಲಿ ‘ನನಗೆ ಹೀಗಾಯಿತು’ ಎಂಬ ಹೇಳಿಕೆಗೂ ‘ನೀವೂ ಬನ್ನಿ’ ಎಂಬ ಕರೆಗೂ ನಡುವಿನ ಗೆರೆ ಕೇಳುವವರ ಕಿವಿಯಲ್ಲಿ ಅಳಿಸಿಹೋಗುವುದು ಸುಲಭ. ಸಾಕ್ಷಿಗಳಲ್ಲಿ ಊರು, ಕುಲ, ಮನೆತನಗಳ ಹೆಸರುಗಳು ಮರೆಯಾಗಿದ್ದರೆ ಅದನ್ನು ನಿರೂಪಣೆಯ ದೋಷವೆಂದು ಎಣಿಸುವ ಮೊದಲು ಆತ್ಮರಕ್ಷಣೆಯ ಸಾಧ್ಯತೆಯನ್ನು ನೋಡಬೇಕು. ಮೌನವೂ ಪಠ್ಯದ ಭಾಗವೇ.

ಇದರಿಂದ ಸಂಗ್ರಹಕಾರನ ಹೊಣೆಯೂ ನಿರ್ಧಾರವಾಗುತ್ತದೆ. ಗೀಗೀ ಪದವನ್ನು ಧ್ವನಿಮುದ್ರಿಸಿ ಹಾಡುಗಾರನ ಹೆಸರು, ಊರು, ಜಾತಿಗಳೊಂದಿಗೆ ಅಚ್ಚು ಹಾಕುವ ಪದ್ಧತಿ ಇಲ್ಲಿ ಸಲ್ಲದು. ತನ್ನವರ ನಡುವೆ ನಂಬಿಕೆಯಿಂದ ಆಡಿದ ಮಾತು ಗ್ರಂಥಾಲಯದ ಪುಟವನ್ನು ಸೇರಿದಾಗ ಅದರ ಸಭಿಕರೇ ಬದಲಾಗುತ್ತಾರೆ. ಆ ಬದಲಾವಣೆಗೆ ಹೇಳಿದವರ ಸಮ್ಮತಿ ಇರಬೇಕು, ಹೆಸರು ಗೋಪ್ಯವಾಗಿರಬೇಕು. ಹಾಗೆಯೇ ಸಂಶೋಧಕನು ಘಟನೆಯ ಸತ್ಯಾಸತ್ಯತೆಯನ್ನು ತೀರ್ಮಾನಿಸುವ ನ್ಯಾಯಾಧೀಶನಾಗಬೇಕಿಲ್ಲ. ಹೇಳುವವರು ಯಾವ ಮಾತಿಗೆ ತಮ್ಮನ್ನು ಹೊಣೆಯಾಗಿಸಿಕೊಂಡಿದ್ದಾರೆ, ಯಾವುದನ್ನು ಪರಂಪರೆಯ ಅಚ್ಚಿಗೆ ಬಿಟ್ಟಿದ್ದಾರೆ ಎಂಬುದನ್ನು ಗುರುತಿಸುವುದೇ ಅವನ ಕೆಲಸ. ವಚನ, ತತ್ತ್ವಪದ, ರಿವಾಯತ ಪದಗಳ ಜೊತೆಯಲ್ಲಿ ಸಾಕ್ಷಿಯನ್ನೂ ಈ ನೆಲದ ಮೌಖಿಕ ಪರಂಪರೆಯೊಂದೆಂದು ಸ್ವೀಕರಿಸಿ, ಅದರ ಆಡುಮಾತನ್ನು ತಿದ್ದದೆ ದಾಖಲಿಸುವ ಕಾರ್ಯ ನಡೆಯಬೇಕಾಗಿದೆ.