ಫ್ಯಾಮಿಲಿ ರೂಮಿನ ಪರದೆ

ಹೋಟೆಲಿನಲ್ಲಿ ಉಂಡು ಬಂದವರನ್ನು ‘ಹೇಗಿತ್ತು?’ ಎಂದು ಕೇಳಿ ನೋಡಿ. ಒಬ್ಬರಿಗೆ ಬಿರಿಯಾನಿ ಘಮಘಮ, ಮತ್ತೊಬ್ಬರಿಗೆ ಅದೇ ದೇಗಿನ ಬಿರಿಯಾನಿ ತಣ್ಣಗೆ. ಇದೆಲ್ಲ ನಾಲಿಗೆಯ ವ್ಯತ್ಯಾಸವೆಂದು ಸುಮ್ಮನಾಗುವುದು ರೂಢಿ. ಆದರೆ ಒಂದೇ ದಿನ ಒಂದೇ ಸೂರಿನಡಿ ಉಂಡ ಇಬ್ಬರಿಗೆ ಎರಡು ರುಚಿ ಸಿಗುವುದಕ್ಕೆ ಯಾರನ್ನು ಎಲ್ಲಿ ಕೂರಿಸಿದರು ಎಂಬುದೂ ಕಾರಣವಾಗಿರುತ್ತದೆ.

ತಂಗಿಯ ಮಗಳು ತನ್ನ ಮೊದಲ ಸಂಬಳದಲ್ಲಿ ನಮಗೆಲ್ಲ ಊಟ ಹಾಕಿಸುತ್ತೇನೆಂದು ಬೆಂಗಳೂರಿನ ಒಂದು ಮಹಡಿ ಮೇಲಿನ ರೆಸ್ಟೋರೆಂಟಿಗೆ ಕರೆದೊಯ್ದಳು. ಮಂದ ಬೆಳಕು, ಸಂಗೀತ, ಬಯಸಿದವರಿಗೆ ಬಿಯರು. ಬಾಗಿಲಲ್ಲಿದ್ದವನು ಅವಳ ತಲೆವಸ್ತ್ರವನ್ನೊಮ್ಮೆ, ನಮ್ಮ ಗಡ್ಡವನ್ನೊಮ್ಮೆ ನೋಡಿ ಎಲ್ಲ ಮೇಜುಗಳೂ ರಿಸರ್ವ್ ಆಗಿವೆ ಎಂದ. ಒಳಗೆ ಅರ್ಧ ಮೇಜುಗಳು ಖಾಲಿಯಿದ್ದವು. ಅವಳು ಇಂಗ್ಲಿಷಿನಲ್ಲಿ ನಾಲ್ಕು ಮಾತು ಆಡಿದ ಮೇಲೆ ಅಡುಗೆಮನೆಯ ಬಾಗಿಲ ಪಕ್ಕ ಜಾಗವಾಯಿತು. ಬಾಗಿಲು ತೆರೆದಾಗಲೆಲ್ಲ ಒಗ್ಗರಣೆಯ ಘಾಟು. ಊಟ ಮಾತ್ರ ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮರುದಿನ ಅವಳು ಗೆಳತಿಯರಿಗೆ ಫೋನಿನಲ್ಲಿ ಊಟದ ವಿಷಯವನ್ನಷ್ಟೇ ಹೇಳುತ್ತಿದ್ದಳು. ಬಾಗಿಲಿನ ಸುದ್ದಿ ಎತ್ತಲಿಲ್ಲ.

ಈ ಬಾಗಿಲುಗಳ ಕತೆ ಹಳೆಯದು. ಬ್ರಾಹ್ಮಣರ ಫಲಾಹಾರ ಮಂದಿರವೆಂಬ ಬೋರ್ಡುಗಳು ನಮ್ಮ ಪೇಟೆಗಳಲ್ಲಿದ್ದ ಕಾಲವನ್ನು ಹಿರಿಯರು ಬಲ್ಲರು. ಸಂವಿಧಾನದ 15ನೇ ವಿಧಿ ಕೆರೆ, ಬಾವಿ, ಸ್ನಾನಘಟ್ಟಗಳ ಜೊತೆಗೇ ಅಂಗಡಿ, ಉಪಾಹಾರಗೃಹ, ಹೋಟೆಲು, ಮನರಂಜನೆಯ ತಾಣಗಳನ್ನೂ ಹೆಸರಿಸಿ, ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳಗಳ ಕಾರಣಕ್ಕೆ ಯಾರನ್ನೂ ತಡೆಯಬಾರದೆಂದಿತು. ಒಂದು ಲೋಟ ಕಾಫಿ ಎಷ್ಟು ದೊಡ್ಡ ಜಗಳವೆಂದು ಅದನ್ನು ಬರೆದವರಿಗೆ ಗೊತ್ತಿತ್ತು. 1983ರಲ್ಲಿ ಜಯನಗರದಿಂದ ಶುರುವಾದ ದರ್ಶಿನಿಗಳು ಇನ್ನೊಂದು ಬಗೆಯಲ್ಲಿ ಆ ಕೆಲಸ ಮಾಡಿದವು. ಚೀಟಿ ಕೊಂಡು, ತಟ್ಟೆ ಹಿಡಿದು, ನಿಂತು ತಿನ್ನು. ಹೆಸರು ಕೇಳುವವರಿಲ್ಲ, ಒಳ್ಳೆಯ ಮೇಜು ಕೆಟ್ಟ ಮೇಜೆಂಬುದಿಲ್ಲ. ಮೊಣಕಾಲು ನೋವಿನ ಮುದುಕಿಗೂ ಕಂಕುಳಲ್ಲಿ ಮಗುವಿರುವ ತಾಯಿಗೂ ಈ ಸಮಾನತೆ ಕಷ್ಟದ್ದೇ ಅನ್ನಿ.

ರಾತ್ರಿಯ ತಾಣಗಳಲ್ಲಿ ಈ ಸಲೀಸು ಇಲ್ಲ. ಜೋಡಿಯಾಗಿ ಬಂದರೆ ಸ್ವಾಗತ, ಒಂಟಿ ಹುಡುಗ ಬಂದರೆ ಅನುಮಾನ, ಚಪ್ಪಲಿ ಹಾಕಿದವನಿಗೆ ವಾಪಸು ದಾರಿ. ಬಿಲ್ಲಿನ ತುದಿಯ ಸೇವಾಶುಲ್ಕವನ್ನು ಗ್ರಾಹಕರ ಮೇಲೆ ಹೇರಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ದುಡ್ಡಿನ ತಕರಾರಿಗೆ ಹೀಗೆ ಒಂದು ದಾರಿಯಿದೆ. 2009ರ ಜನವರಿ 24ರಂದು ಮಂಗಳೂರಿನ ಪಬ್‌ನಲ್ಲಿ ಹೊಡೆತ ತಿಂದ ಹೆಣ್ಣುಮಕ್ಕಳ ಅನುಭವ ಯಾವ ಬಿಲ್ಲಿನಲ್ಲಿ ಬರುತ್ತದೆ? ಆರೋಪಿಗಳು 2018ರಲ್ಲಿ ಸಾಕ್ಷ್ಯದ ಕೊರತೆಯಿಂದ ಖುಲಾಸೆಯಾದರು. ಹೊಡೆದವರನ್ನು ಬೈಯುತ್ತಲೇ, ‘ಆದರೂ ಹೆಂಗಸರಿಗೆ ಅಲ್ಲೇನು ಕೆಲಸ?’ ಎಂದು ನಮ್ಮ ಮೊಹಲ್ಲಾದ ಚಹಾದಂಗಡಿಯಲ್ಲಿ ಕೇಳಿದವರಿದ್ದರು. ಆಗ ನಾವೂ ಅಲ್ಲಿ ಕೂತು ಚಹಾ ಕುಡಿಯುತ್ತಿದ್ದೆವು. ಬಾಯಿ ಬಿಡಲಿಲ್ಲ.

ಅದಕ್ಕೇ ಆ ಮಹಡಿ ರೆಸ್ಟೋರೆಂಟಿನ ಮೇಲೆ ಸಿಟ್ಟಿನ ಲೇಖನವೊಂದನ್ನು ಬರೆಯಲು ಕುಳಿತವರಿಗೆ ಕೈ ಓಡಲಿಲ್ಲ. ಶಿವಾಜಿನಗರದಲ್ಲಿ ನಾವು ಇಪ್ಪತ್ತು ವರ್ಷಗಳಿಂದ ಹೋಗುವ ಹೋಟೆಲೊಂದಿದೆ. ಅಲ್ಲಿನ ಶೀಖ್ ಕಬಾಬು, ಸುಲೈಮಾನಿ ಚಹಾ, ಗಲ್ಲದ ಮೇಲಿನ ಹಿರಿಯರ ಮೆಹಮಾನ್‌ನವಾಜಿ ಎಲ್ಲವನ್ನೂ ನಮ್ಮ ಕತೆಗಳಲ್ಲಿ ಹೊಗಳಿ ಬರೆದಿದ್ದೇವೆ. ಆ ಕತೆಗಳಲ್ಲಿ ರಿಕ್ಷಾದವರು, ಕಸಾಯಿಗಳು, ಶಾಯರರು ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ಹೆಂಗಸೊಬ್ಬಳೂ ಇಲ್ಲ. ಸೊಸೆಯನ್ನೂ ತಂಗಿಯನ್ನೂ ಅಲ್ಲಿಗೆ ಕರೆದುಕೊಂಡು ಹೋದ ದಿನವೇ ನಾವು ಮೊದಲ ಬಾರಿಗೆ ಮೇಲಿನ ಫ್ಯಾಮಿಲಿ ರೂಮು ನೋಡಿದ್ದು. ಕಡಿದಾದ ಮೆಟ್ಟಿಲು, ನರಳುವ ಫ್ಯಾನು, ಎಣ್ಣೆ ಜಿಡ್ಡಿನ ಪರದೆ, ಪಕ್ಕದಲ್ಲೇ ಪಾತ್ರೆ ತೊಳೆಯುವ ತೊಟ್ಟಿ. ಕಬಾಬು ಮೇಲೆ ಬರುವಷ್ಟರಲ್ಲಿ ಆರಿತ್ತು.

‘ಮಾಮೂ, ನೀವು ಬರೆದ ಹೋಟೆಲು ಇದೇನಾ?’ ಎಂದಳು ಹುಡುಗಿ. ಅಣಕಿಸಲು ಕೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದಳು. ಪರದೆ ಬೇಕೆನ್ನುವ ಹೆಣ್ಣುಮಕ್ಕಳೂ ಇದ್ದಾರೆ, ಅವರಿಗೆ ಅದು ಇರಲಿ. ಆದರೆ ಪರದೆಯ ಹಿಂದೆ ಕೊಳಕು ಜಾಗವನ್ನೇ ಕೊಡಬೇಕೆಂದು ಯಾವ ಷರೀಅತ್ತೂ ಹೇಳಿಲ್ಲ.

ಮುಂದಿನ ಸಲ ಅವಳು ಮೆಟ್ಟಿಲು ಹತ್ತಲಿಲ್ಲ. ಕೆಳಗೇ ಕೂರುತ್ತೇವೆ ಎಂದಳು. ಗಲ್ಲದ ಹಿರಿಯರು ನಮ್ಮ ಮುಖ ನೋಡಿದರು. ಗಿರಾಕಿಗಳಿಗೆ ಮುಜುಗರವಾಗುತ್ತದೆ ಎಂದು ಉರ್ದುವಿನಲ್ಲಿ ಮೆಲ್ಲಗೆ ಹೇಳಿದರು. ಯಾವ ಗಿರಾಕಿಗೆ ಎಂದು ಕೇಳಬೇಕೆನಿಸಿತು. ನಾವು ಕೇಳುವ ಮೊದಲೇ ಬಾಗಿಲ ಬಳಿಯ ಮೇಜಿನಲ್ಲಿದ್ದ ರಿಕ್ಷಾದವನೊಬ್ಬ ತನ್ನ ಲೋಟ ಎತ್ತಿಕೊಂಡು ಬೇರೆ ಬೆಂಚಿಗೆ ಸರಿದ. ಹುಡುಗ ಬಂದು ಮೇಜು ಒರೆಸಿದ. ಚಹಾ ಬಿಸಿಯಾಗಿಯೇ ಬಂತು.