ಹಂಪಿ ಚೇತರಿಸಿಕೊಂಡಿದೆಯಂತೆ

ಆಫೀಸಿನಲ್ಲಿ ಯಾರಾದರೂ ‘ಲಾಂಗ್ ವೀಕೆಂಡ್‌ಗೆ ಹಂಪಿ ಪ್ಲಾನ್, ನಿಮ್ಮೂರ ಕಡೆನೇ ಅಲ್ವಾ?’ ಅಂದಾಗ ನಾನು ಹೌದು ಅಂತೀನಿ. ನಮ್ಮೂರು ಹಿಟ್ನಾಳ. ಹೊಸಪೇಟೆಯಿಂದ ತುಂಗಭದ್ರೆ ದಾಟಿ ಕೊಪ್ಪಳದ ಕಡೆ ಹೊರಟರೆ ಹೈವೇ ಮೇಲೆ ಸಿಗುತ್ತೆ. ಸಿಕ್ಕಿದ್ದು ಗೊತ್ತಾಗೋದರೊಳಗೆ ದಾಟಿಯೂ ಹೋಗಿರುತ್ತೆ. ಎರಡನೇ ಪ್ರಶ್ನೆ ಯಾವಾಗಲೂ ಒಂದೇ: ‘ಅಲ್ಲಿ ಊಟಕ್ಕೆ ಎಲ್ಲಿ ಹೋಗ್ಬೇಕು?’ ಇದಕ್ಕೆ ನನ್ನ ಹತ್ತಿರ 2010ರ ಉತ್ತರ ಇದೆ, 2019ರ ಉತ್ತರವೂ ಇದೆ. ಈಗಿನ ಉತ್ತರ ಕೇಳಿದರೆ ತಡವರಿಸ್ತೀನಿ.

ಪತ್ರಿಕೆಗಳಿಗೆ ಆ ತಡವರಿಕೆ ಇಲ್ಲ. ಕೊರೊನಾ ಮುಗಿದಾಗಿನಿಂದ ಸಾಲು ರಜೆ ಬಂತೆಂದರೆ ಒಂದು ಫೋಟೊ: ಕಲ್ಲಿನ ರಥ, ಅದರ ಮುಂದೆ ಜಾತ್ರೆಯಂಥ ಜನ. ಜೊತೆಗೆ ಒಂದು ಪದ: ಚೇತರಿಕೆ. ನನ್ನ ತಕರಾರು ಈ ಪದದ ಮೇಲೆ. ಜಡ್ಡು ಬಿದ್ದವನು ಚೇತರಿಸಿಕೊಂಡ ಅಂದರೆ ಮಲಗಿದ್ದವನೇ ಎದ್ದು ಕೂತ ಅಂತ ತಾನೆ? ಹಂಪಿಯಲ್ಲಿ ಮಲಗಿದವರು ಬೇರೆ, ಎದ್ದು ಕೂತವರು ಬೇರೆ.

ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ಅಮೆರಿಕ, ಕೆನಡಾದ 62 ನಗರಗಳ ಡೌನ್‌ಟೌನ್‌ಗಳು ಕೊರೊನಾ ನಂತರ ಎಷ್ಟು ಚೇತರಿಸಿಕೊಂಡವು ಅಂತ ಅಳೆದರು. ಅಳತೆಗೋಲು ಮೊಬೈಲ್ ಫೋನು. 2019ರಲ್ಲಿ ಆ ಬೀದಿಗಳಲ್ಲಿ ಎಷ್ಟು ಫೋನ್ ಓಡಾಡ್ತಿದ್ದವು, ಈಗೆಷ್ಟು? 2022ರ ಪಟ್ಟಿಯಲ್ಲಿ ಸಾಲ್ಟ್ ಲೇಕ್ ಸಿಟಿ ಎಲ್ಲರಿಗಿಂತ ಮೇಲೆ, ಸ್ಯಾನ್ ಫ್ರಾನ್ಸಿಸ್ಕೊ ತಳದಲ್ಲಿ. ಆಫೀಸಿಗೆ ಬರುವವರನ್ನೇ ನಂಬಿಕೊಂಡ ಪೇಟೆ ಸೊರಗಿತು. ವರ್ಕ್ ಫ್ರಂ ಹೋಮ್ ಮಾಡಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಅಲ್ಲಿಗೆ ಆ ಲೆಕ್ಕ ಒಪ್ಪುತ್ತೆ. ಅಂಗಡಿ ಇದ್ದಲ್ಲೇ ಇತ್ತು, ಜನ ಮಾಯವಾಗಿದ್ದರು. ಹಂಪಿಯದು ಉಲ್ಟಾ ಕೇಸು. ಜನ ಬರ್ತಾನೇ ಇದ್ದರು, ಅಂಗಡಿಗಳನ್ನ ಎತ್ತಿದರು.

ಅದೂ ಎರಡು ಸಲ.

ಮೊದಲನೆಯದು 2011ರ ಜುಲೈ 29. ವಿರೂಪಾಕ್ಷನ ಗೋಪುರದಿಂದ ಎದುರು ಬಸವಣ್ಣನವರೆಗಿನ ಬೀದಿಯ ಎರಡೂ ಬದಿಗೆ, ಕಲ್ಲು ಮಂಟಪಗಳಲ್ಲಿ ಸಂಸಾರಗಳೇ ಇದ್ದವು. ಬಳೆ ಅಂಗಡಿ, ಇಡ್ಲಿ ಅಂಗಡಿ, ಬಾಡಿಗೆ ಸೈಕಲ್ಲು, ಹೀಬ್ರೂ ಬೋರ್ಡು. ಜೆಸಿಬಿ ಬಂದವು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಎದ್ದವು. ಪುನರ್ವಸತಿ ಅಂತ ಸಿಕ್ಕಿದ್ದು ದೂರದ ಕಡ್ಡಿರಾಂಪುರದಲ್ಲಿ ಸೈಟು, ಅದಕ್ಕೂ ವರ್ಷಗಟ್ಟಲೆ ಕಾಯಬೇಕಾಯ್ತು. ಪುರಾತತ್ವದವರ ವಾದ ಪೊಳ್ಳು ಅಂತ ನಾನು ಹೇಳೋದಿಲ್ಲ. ವಿಜಯನಗರದ ಕಂಬಕ್ಕೆ ಸಿಮೆಂಟ್ ಗೋಡೆ ಹತ್ತಿಸಿ ಮೇಲೆ ‘ಪಿಜ್ಜಾ’ ಅಂತ ಬರೆಸಿದ್ದನ್ನ ನೋಡಿ ನನಗೂ ಸಿಟ್ಟು ಬಂದಿತ್ತು. ಆದರೆ ಸಿಮೆಂಟು ಕೆಡವೋದೇ ಬೇರೆ, ಬಜಾರನ್ನೇ ಎಬ್ಬಿಸೋದೇ ಬೇರೆ. 1443ರಲ್ಲಿ ಬಂದ ಅಬ್ದುಲ್ ರಜಾಕ್, 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯೆಸ್ ಇಬ್ಬರೂ ಬೆರಗಾಗಿ ಬರೆದದ್ದರಲ್ಲಿ ಅಂಗಡಿ ಬೀದಿಗಳ ಪಾಲು ದೊಡ್ಡದು: ಗುಲಾಬಿ ಮಾರುವವರು, ಮುತ್ತು ರತ್ನದವರು, ಹಣ್ಣಿನ ರಾಶಿ. ನಾವು ಹೆಸರಿನಲ್ಲಿ ಬಜಾರ್ ಉಳಿಸಿಕೊಂಡು ವ್ಯಾಪಾರವನ್ನ ಹೊರಗಟ್ಟಿ, ಅದಕ್ಕೆ ಪರಂಪರೆ ಅಂತ ಕರೀತೀವಿ. ನದಿ ದಂಡೆಯಲ್ಲಿ ನಿಜವಾಗಿಯೂ ಮಾವಿನಮರದ ಕೆಳಗಿದ್ದ ‘ಮ್ಯಾಂಗೊ ಟ್ರೀ’ ಹೋಟೆಲ್ ಆಮೇಲೆ ಊರೊಳಕ್ಕೆ ಬಂತು. ಮರ ಅಲ್ಲೇ ಉಳೀತು, ಹೆಸರು ಮಾತ್ರ ಜೊತೆಗೆ ಬಂತು.

ಎರಡನೆಯದು ನಮ್ಮ ಜಿಲ್ಲೆಯೊಳಗೇ ಆದದ್ದು, ಗಂಗಾವತಿ ತಾಲೂಕಿನ ವಿರೂಪಾಪುರ ಗಡ್ಡೆ. ಹಂಪಿಯಿಂದ ದೋಣಿಯಲ್ಲಿ ಐದು ನಿಮಿಷ. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ‘ಹೋಗಲೇಬೇಕಾದ 52 ಜಾಗಗಳು’ ಪಟ್ಟಿಯಲ್ಲಿ ಹಂಪಿಗೆ ಎರಡನೇ ಸ್ಥಾನ ಕೊಟ್ಟಿತು. ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ವಾರಗಟ್ಟಲೆ ಅದೇ ಮಾತು. ಮುಂದಿನ ವರ್ಷ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಗಡ್ಡೆಯ ರೆಸಾರ್ಟುಗಳು ಅಕ್ರಮ ಅಂತ ತೀರ್ಪು ಕೊಟ್ಟಿತು. ಮಾರ್ಚ್ ಮೊದಲ ವಾರ ಅವೆಲ್ಲ ನೆಲಕ್ಕೆ ಬಿದ್ದವು. ಮೂರು ವಾರ ಕಳೆಯೋದರೊಳಗೆ ದೇಶಕ್ಕೆ ಲಾಕ್‌ಡೌನ್.

ಈ ಮೂರು ವಾರವನ್ನ ಯಾರೂ ಗಮನಿಸಲ್ಲ. ‘2020ರಲ್ಲಿ ನೆಲ ಕಚ್ಚಿತು, ಈಗ ಮೇಲೆದ್ದಿದೆ’ ಅಂದಾಗ ಜೆಸಿಬಿ ಮಾಡಿದ್ದೂ ಕೊರೊನಾದ ಖಾತೆಗೇ ಹೋಗುತ್ತೆ. ಕೋರ್ಟು ತಪ್ಪು ಹೇಳಿತು ಅಂತಲ್ಲ. 1988ರಲ್ಲೇ ಸರ್ಕಾರ ಅದನ್ನ ಸಂರಕ್ಷಿತ ಪ್ರದೇಶ ಅಂತ ಘೋಷಿಸಿತ್ತು. ಹಾಗಾದರೆ ಮೂವತ್ತು ವರ್ಷ ಅಲ್ಲಿ ಗುಡಿಸಲ ಮೇಲೆ ಗುಡಿಸಲು ಏಳ್ತಿದ್ದಾಗ ಯಾರು ಏನು ಮಾಡ್ತಿದ್ದರು? ಮಾಲೀಕರಿಗೆ ವಕೀಲರಿದ್ದರು. ಅಡುಗೆಯವರಿಗೆ, ದೋಣಿಯವರಿಗೆ, ಸ್ಕೂಟಿ ಬಾಡಿಗೆ ಕೊಡೋ ಹುಡುಗರಿಗೆ ಯಾರಿದ್ದರು?

ಇದರಲ್ಲಿ ನನ್ನ ಸ್ವಂತದ್ದೂ ಇದೆ, ಮುಚ್ಚಿಡಲ್ಲ. ನಮ್ಮ ಚಿಗವ್ವನ ಮಗ ಗಡ್ಡೆಯ ಒಂದು ಅಡುಗೆಮನೆಯಲ್ಲಿ ಆರು ವರ್ಷ ದುಡಿದ. ಪಾತ್ರೆ ತೊಳೆಯಲು ಸೇರಿದವನು ಹಮ್ಮುಸ್, ಫಲಾಫೆಲ್, ಶಕ್ಷುಕಾ ಎಲ್ಲಾ ಕಲಿತ. ಇಸ್ರೇಲಿ ಗಿರಾಕಿ ತಟ್ಟೆ ನೋಡಿ ಮೂಗು ಮುರಿದರೆ ಏನು ಕಮ್ಮಿ ಆಗಿದೆ ಅಂತ ಅವನಿಗೆ ಗೊತ್ತಾಗ್ತಿತ್ತು. ಈಗ ಅವನು ನಮ್ಮೂರ ಹೈವೇ ಬದಿಯ ಧಾಬಾದಲ್ಲಿ ತಂದೂರ್ ಮುಂದೆ ನಿಲ್ಲುತ್ತಾನೆ. ಫೋನ್ ಲೆಕ್ಕದಲ್ಲಿ ಅವನದೂ ಚೇತರಿಕೆಯೇ. ಕೆಲಸ ಇದೆ, ಸಂಬಳ ಇದೆ.

ಬೆಂಗಳೂರಿನಲ್ಲಿ ಇದೇ ಹೊತ್ತಿಗೆ ನಡೆದದ್ದನ್ನ ನೋಡಿ. 2020ರ ನವೆಂಬರ್‌ನಿಂದ ಕೆಲವು ತಿಂಗಳು ಚರ್ಚ್ ಸ್ಟ್ರೀಟನ್ನ ವಾರಾಂತ್ಯ ಗಾಡಿಗಳಿಗೆ ಬಂದ್ ಮಾಡಿದರು. ನಾವೆಲ್ಲ ಹೋದ್ವಿ, ನಡು ರಸ್ತೆಯಲ್ಲಿ ನಿಂತು ಫೋಟೊ ತೆಗೆಸಿಕೊಂಡ್ವಿ, ಕಾಫಿ ಕುಡಿದು ಪುಸ್ತಕ ಕೊಂಡ್ವಿ. ಜನ ನಡೀಲಿ, ನಡೆದವರು ನಿಲ್ಲಲಿ, ನಿಂತವರು ಅಂಗಡಿ ಹೊಕ್ಕಲಿ ಅನ್ನೋದು ಆಲೋಚನೆ. ಅಲ್ಲಿ ಬೀದಿಗೆ ಜೀವ ಬರಲಿ ಅಂತ ಗಾಡಿ ತೆಗೆದರು. ನಮ್ಮ ಕಡೆ ಬೀದಿ ಚೆಂದ ಕಾಣಲಿ ಅಂತ ಜೀವವನ್ನೇ ತೆಗೆದರು. ಎರಡೂ ಒಂದೇ ರಾಜ್ಯದ್ದು.

ಆಮೇಲೆ ವ್ಯಾಪಾರ ಸಾಣಾಪುರ, ಆನೆಗೊಂದಿ ಕಡೆ ಸರಿದು ಹೋಮ್‌ಸ್ಟೇ ಆಯ್ತು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ಹತ್ತಿರ ರಾತ್ರಿ ನಡೆದ ಘೋರ ಎಲ್ಲರಿಗೂ ಗೊತ್ತು: ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ, ಒಬ್ಬ ಪ್ರವಾಸಿಯ ಸಾವು. ಅದಾದ ಮೇಲೆ ಮತ್ತೆ ಅಕ್ರಮ–ಸಕ್ರಮದ ಮಾತು ಎದ್ದಿತು. ಹತ್ತಿರದ ಅಂಜನಾದ್ರಿಯಲ್ಲಿ ಮಾತ್ರ ಜನವೋ ಜನ. ಐನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಹನುಮಪ್ಪನಿಗೆ ಕೈಮುಗಿದು ಇಳಿತಾರೆ. ಚಿಗವ್ವನ ಮಗ ಹೇಳೋದು: ‘ಮಂದಿ ಭಾಳ ಬರ್ತಾರ ಯಣ್ಣಾ, ಖರೆ ನಿಂದ್ರಾಂಗಿಲ್ಲ. ಗಾಡಿ ಇಳೀತಾರ, ಗಾಡಿ ಹತ್ತತಾರ.’ ಗಡ್ಡೆಯ ಗಿರಾಕಿ ಒಂದು ಚಹಾ ಹಿಡಿದು ಮೂರು ತಾಸು ಕೂಡ್ತಿದ್ದ, ವಾರಗಟ್ಟಲೆ ಉಳೀತಿದ್ದ. ಈಗಿನವನು ಸಂಜೆಗೆ ಊರು ಸೇರಬೇಕು.

ನಿಲ್ಲುವ ಜನ ನೋಡಬೇಕಂದ್ರೆ ಮಂಗಳವಾರ ನಮ್ಮ ಪಕ್ಕದ ಹುಲಿಗಿಗೆ ಬನ್ನಿ. ಹುಣ್ಣಿಮೆಗೆ ಬಂದರೆ ಕಾಲಿಡೋಕೆ ಜಾಗ ಇರಲ್ಲ. ಹುಲಿಗೆಮ್ಮನ ಗುಡಿ ಸುತ್ತ ಕಾಯಿ, ಕುಂಕುಮ, ಬಳೆ, ಆಟಿಕೆ, ಮಂಡಕ್ಕಿ–ಮಿರ್ಚಿ. ಹೊಳೆಯಲ್ಲಿ ಮಿಂದು, ಮರದ ಕೆಳಗೆ ಒಲೆ ಹೂಡಿ ಅಡುಗೆ ಮಾಡಿ ಉಂಡು ಹೋಗ್ತಾರೆ. ಹೊಲಸಿಲ್ಲವಾ? ಇದೆ, ಬೇಕಾದಷ್ಟಿದೆ. ಆದರೆ ದೇವರಿಂದ ಅಂಗಡಿಯನ್ನ ದೂರ ಇಡಬೇಕು ಅಂತ ಅಲ್ಲಿ ಯಾರಿಗೂ ಅನಿಸಿಲ್ಲ.

ಹೋದ ಸಲ ಊರಿಗೆ ಹೋದಾಗ ರಾತ್ರಿ ಧಾಬಾಕ್ಕೆ ಹೋಗಿದ್ದೆ. ಗಿರಾಕಿ ಕಮ್ಮಿ ಇದ್ದರು. ‘ಶಕ್ಷುಕಾ ಮಾಡ್ಲೇನು?’ ಅಂದ. ಮೆನುವಿನಲ್ಲಿಲ್ಲ. ಟೊಮೆಟೊ ಕುದಿಸಿ, ಜೀರಿಗೆ ಪುಡಿ ಉದುರಿಸಿ, ಮೇಲೆ ಎರಡು ಮೊಟ್ಟೆ ಒಡೆದು ಮುಚ್ಚಿಟ್ಟ. ಬ್ರೆಡ್ ಇರಲಿಲ್ಲ, ತಂದೂರಿ ರೊಟ್ಟಿ ಕೊಟ್ಟ. ಪಕ್ಕದ ಟೇಬಲ್ಲಿನ ಲಾರಿ ಡ್ರೈವರ್ ಬಗ್ಗಿ ನೋಡಿ, ತನಗೂ ಒಂದು ಪ್ಲೇಟ್ ಎಗ್ ಕರಿ ಅಂದ. ಇವನು ಬಾಯಿ ತೆರೆದವನು ಏನೂ ಹೇಳದೆ ಇನ್ನೆರಡು ಮೊಟ್ಟೆ ಒಡೆದ.