ಮೃತ ಬ್ಯಾಕ್ಟೀರಿಯ ಮತ್ತು ಅರ್ಬುದ: ಇಲಿಗಳ ಸಾಕ್ಷ್ಯದ ವಿಮರ್ಶೆ

ಕೊಂದ ಬ್ಯಾಕ್ಟೀರಿಯವನ್ನು ದೇಹಕ್ಕೆ ಚುಚ್ಚಿ ಅರ್ಬುದದ ವಿರುದ್ಧ ರೋಗನಿರೋಧಕ ಶಕ್ತಿಯನ್ನು ಪ್ರಚೋದಿಸುವ ಯತ್ನಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಒಂದೇ ಕಥೆಯನ್ನು ಹೇಳುತ್ತಾರೆ. ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ ಬೀಜವನ್ನು ಬಿತ್ತಿದನು. ಲೋಕವು ಅವನನ್ನು ಮರೆಯಿತು. ಇಲಿಗಳ ಮೇಲಿನ ಪ್ರಯೋಗಗಳು ಕೊನೆಗೆ ಅವನನ್ನು ಸಮರ್ಥಿಸಿದುವು. ಈ ನೇರವಾದ ವಂಶಾವಳಿಯು ಆಧಾರಗಳ ಪರೀಕ್ಷೆಯಲ್ಲಿ ನಿಲ್ಲಲಾರದೆಂದು ನಾವು ಭಾವಿಸುತ್ತೇವೆ.

ಕೋಲಿಯು 1891ರಲ್ಲಿ ಜೀವಂತ ಬ್ಯಾಕ್ಟೀರಿಯವನ್ನೂ ಅನಂತರ ಎರಡು ಬಗೆಯ ಮೃತ ಬ್ಯಾಕ್ಟೀರಿಯಗಳ ಮಿಶ್ರಣವನ್ನೂ ರೋಗಿಗಳಿಗೆ ಚುಚ್ಚಿದನು. ತೀವ್ರ ಜ್ವರವುಂಟಾಗಿ ಕೆಲವರ ಗೆಡ್ಡೆಗಳು ಕರಗಿದುವು. ಆದರೆ ಮಿಶ್ರಣದ ಶಕ್ತಿಯು ತಯಾರಿಕೆಯಿಂದ ತಯಾರಿಕೆಗೆ ಬೇರೆಯಾಗುತ್ತಿದ್ದುದರಿಂದ ಗುಣದ ಕಾರಣವನ್ನು ನಿರ್ಧರಿಸುವುದು ಕಷ್ಟ. 1943ರಲ್ಲಿ ಅಮೆರಿಕದ ಮರೆ ಶಿಯರ್ ಆ ಎರಡರಲ್ಲೊಂದಾದ ಸೆರೇಷಿಯದಿಂದ ಬೇರ್ಪಡಿಸಿದ ವಸ್ತುವನ್ನು ಇಲಿಗಳಿಗೆ ಕೊಟ್ಟಾಗ ಗೆಡ್ಡೆಗಳೊಳಗೆ ರಕ್ತಸ್ರಾವವಾಯಿತು. ಇದು ಕೆಲವೇ ಗಂಟೆಗಳ ಕಾರ್ಯ. ಗೆಡ್ಡೆಯನ್ನು ಪರಕೀಯವೆಂದು ಗುರುತಿಸಿ ನೆನಪಿಡುವ ನಿರೋಧಶಕ್ತಿಗಾದರೋ ದಿನಗಳು ಬೇಕು. ಇಂಥ ರಕ್ತಸ್ರಾವಕ್ಕೆ ಪ್ರಾಣಿಯ ಸ್ವಂತ ಕೋಶಗಳು ಸ್ರವಿಸುವ ವಸ್ತುವೊಂದು ಕಾರಣವೆಂದು 1975ರಲ್ಲಿ ತಿಳಿದುಬಂದುದರಿಂದ ಎರಡಕ್ಕೂ ಜ್ಞಾತಿತ್ವವುಂಟು. ಆದರೆ ಜ್ಞಾತಿತ್ವವು ಅಭೇದವಲ್ಲ.

ಶಾಸನದಂತೆ ಇಲಿಗೂ ಮೂಲಶೋಧನೆ ಅವಶ್ಯ. ಒಂದು ಇಲಿಯ ಗೆಡ್ಡೆಯನ್ನು ಸಂಬಂಧವಿಲ್ಲದ ಇನ್ನೊಂದಕ್ಕೆ ನೆಟ್ಟರೆ, ಅನ್ಯ ಅಂಗಾಂಶವೆಂಬ ಕಾರಣದಿಂದಲೇ ಅದು ತಿರಸ್ಕೃತವಾಗಬಹುದು. ಆ ಯಶಸ್ಸು ಬ್ಯಾಕ್ಟೀರಿಯದ್ದೆನ್ನಲಾಗದು. ಅನೇಕ ತಲೆಮಾರು ಒಡಹುಟ್ಟುಗಳನ್ನೇ ಕೂಡಿಸಿ ಪಡೆದ ಶುದ್ಧ ತಳಿಯಲ್ಲಿ ಮಾತ್ರ ಈ ಸಂದೇಹವು ತೊಲಗುತ್ತದೆ. 1966ರಲ್ಲಿ ವುಡ್ರಫ್ ಮತ್ತು ಬೋಕ್ ಅಂಥ ಇಲಿಗಳಿಗೆ ಕೊಂದ ಕೊರಿನೆಬ್ಯಾಕ್ಟೀರಿಯಂ ಪಾರ್ವಂ ಕೊಟ್ಟು, ಗೆಡ್ಡೆಗಳ ಬೆಳವಣಿಗೆ ಕುಂಠಿತವಾದುದನ್ನು ತೋರಿಸಿದರು. ಇದು ಬಲವಾದ ಸಾಕ್ಷ್ಯ. ಆದರೂ ಕುಂಠಿತವಾಗುವುದು ಬೇರೆ, ಗುಣವಾಗುವುದು ಬೇರೆ. ನೆಟ್ಟ ಗೆಡ್ಡೆ ಬೇರೆ, ಮನುಷ್ಯನಲ್ಲಿ ವರ್ಷಗಟ್ಟಲೆ ಬೆಳೆದ ರೋಗ ಬೇರೆ. ಅನಂತರ ಮನುಷ್ಯರಲ್ಲಿ ನಡೆದ ಪರೀಕ್ಷೆಗಳು ನಿರೀಕ್ಷೆಯನ್ನು ಪೂರೈಸಲಿಲ್ಲ.

ಮೂತ್ರಕೋಶದ ಅರ್ಬುದಕ್ಕೆ 1976ರಿಂದ ಪ್ರಸಿದ್ಧಿಗೆ ಬಂದ ಬಿ.ಸಿ.ಜಿ. ಚಿಕಿತ್ಸೆಯನ್ನು ಕೆಲವರು ಈ ಕಥೆಯ ಕಿರೀಟವೆನ್ನುತ್ತಾರೆ. ಅಲ್ಲಿ ಬಳಸುವುದು ಬಲಗುಂದಿಸಿದ ಜೀವಂತ ಬ್ಯಾಕ್ಟೀರಿಯ. ಅದರ ಯಶಸ್ಸನ್ನು ಮೃತ ಬ್ಯಾಕ್ಟೀರಿಯದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಇದು ಬರಿಯ ಪಾಂಡಿತ್ಯದ ಜಗಳವಲ್ಲ. ಮರೆತ ಮಹಾಪುರುಷನ ಕಥೆಯು ಮನೋಹರವಾದಷ್ಟೂ, ದಿಕ್ಕುಗೆಟ್ಟ ರೋಗಿಯು ಅದನ್ನೇ ಪ್ರಮಾಣವೆಂದು ನಂಬುವ ಅಪಾಯವು ಹೆಚ್ಚು. ಪ್ರತಿಯೊಂದು ಪ್ರಯೋಗವನ್ನೂ ಅದರದೇ ತಕ್ಕಡಿಯಲ್ಲಿ ತೂಗುವುದು ಚರಿತ್ರಕಾರನ ಕರ್ತವ್ಯ.